ಇರುಳ ದಾರಿ ಮತ್ತು ಅಹಿಂಸೆಯ ಹೊಣೆ

ಕತ್ತಲಲ್ಲಿ ಸೈಕಲ್ ತುಳಿಯುವವರು ದೀಪ ಹಚ್ಚಿಕೊಳ್ಳುವುದು ಸ್ವಂತ ಸುರಕ್ಷತೆಯ ವಿಷಯ ಮಾತ್ರವೋ, ಇತರರ ಬಗೆಗಿನ ಧರ್ಮವೂ ಹೌದೋ ಎಂಬ ಪ್ರಶ್ನೆಗೆ ಜೈನ ಆಚಾರಶಾಸ್ತ್ರದಲ್ಲಿ ಗಟ್ಟಿಯಾದ ಆಧಾರ ದೊರೆಯುತ್ತದೆ. ಗೋವೆಯ ಮಟ್ಟಿಗೆ ಇದು ಹೊರಗಿನಿಂದ ತಂದ ವಿಚಾರವಲ್ಲ. ಫೋಂಡಾ ತಾಲೂಕಿನ ಬಾಂದಿವಡೆಯಲ್ಲಿ ನೇಮಿನಾಥ ಬಸದಿಯ ಅವಶೇಷಗಳು ಇಂದಿಗೂ ಇವೆ; ಅದೇ ನಾಡಿನ ರಸ್ತೆಗಳಲ್ಲಿ ಮನೆಮನೆಗೆ ಪಾವು ತಲುಪಿಸುವ ಪೊದೇರರು ಬೆಳಗಾಗುವ ಮುನ್ನವೇ ಸೈಕಲ್ ಏರುತ್ತಾರೆ, ವಾಸ್ಕೊ ಮತ್ತು ಝುವಾರಿನಗರಗಳಲ್ಲಿ ನೆಲೆಸಿದ ಉತ್ತರ ಕರ್ನಾಟಕದ ದುಡಿಮೆಗಾರರು ಹೊತ್ತು ಮೀರಿ ಮನೆಗೆ ಮರಳುತ್ತಾರೆ.

ಮುನಿಗಳು ಪಾಲಿಸಬೇಕಾದ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಡವಳಿಕೆಗಳಲ್ಲಿ, ಮೊದಲನೆಯದು ಈರ್ಯಾಸಮಿತಿ. ಕಾಲಡಿಯ ಜೀವಕ್ಕೆ ನೋವಾಗದಂತೆ, ಹಗಲು ಬೆಳಕಿನಲ್ಲಿ, ಮುಂದಿನ ಸುಮಾರು ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯಬೇಕೆಂಬುದು ಅದರ ವಿಧಿ. ಹೊಟ್ಟೆಪಾಡಿಗಾಗಿ ಇರುಳಲ್ಲಿ ಓಡಾಡಲೇಬೇಕಾದ ಗೃಹಸ್ಥರಿಗೆ ಆ ಹಗಲಿನ ಕೆಲಸವನ್ನು ದೀಪವೇ ಮಾಡಿಕೊಡಬೇಕು. ನಡಿಗೆಗೆ ನಾಲ್ಕು ಮೊಳ ಸಾಕಾದರೂ, ಗಂಟೆಗೆ 20 ಕಿಲೋಮೀಟರ್ ವೇಗದ ಸೈಕಲ್ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಸಾಗುವುದರಿಂದ, ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಹಿಡಿದು ನಿಲ್ಲಲು ಕನಿಷ್ಠ 10 ಮೀಟರ್ ದಾರಿ ಕಾಣಬೇಕಾಗುತ್ತದೆ. ಆದ್ದರಿಂದ ಮುಂದಿನ ದೀಪವನ್ನು ಆರಿಸುವಾಗ ಅದು ಹೊಮ್ಮಿಸುವ ಒಟ್ಟು ಬೆಳಕಿನ ಅಳತೆಯಾದ ಲ್ಯೂಮೆನ್‌ಗಿಂತ, ನೆಲದ ಮೇಲೆ ಬೀಳುವ ಬೆಳಕಿನ ಅಳತೆಯಾದ ಲಕ್ಸ್ ಹೆಚ್ಚು ಮುಖ್ಯ. ಮಳೆಗಾಲದಲ್ಲಿ ನೆನೆದ ಡಾಂಬರು ಬೆಳಕನ್ನು ಸವಾರರ ಕಣ್ಣಿಗೆ ಮರಳಿಸದೆ ಮುಂದಕ್ಕೇ ಚಿಮ್ಮಿಸುವುದರಿಂದ, ಆಗ ವೇಗ ತಗ್ಗಿಸುವುದೂ ಈ ಸಮಿತಿಯ ಭಾಗವೇ ಆಗುತ್ತದೆ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಆಗುವ ಪ್ರಾಣಹಾನಿಯನ್ನು ಹಿಂಸೆಯೆಂದು ನಿರೂಪಿಸುತ್ತದೆ. ಎಚ್ಚರದಿಂದಲೇ ಬರುತ್ತಿರುವ ವಾಹನ ಚಾಲಕನೊಬ್ಬ ದೀಪವಿಲ್ಲದ ಸೈಕಲ್ಲಿಗೆ ಡಿಕ್ಕಿ ಹೊಡೆದರೆ, ಪ್ರಮಾದವನ್ನು ಅವನಲ್ಲಿ ಮಾತ್ರ ಹುಡುಕಲಾಗದು; ಕಾಣಿಸಿಕೊಳ್ಳದೆ ಸಾಗುವವರು ತಮ್ಮ ಪ್ರಾಣವನ್ನು ಪಣಕ್ಕಿಡುವುದಲ್ಲದೆ, ಅಹಿಂಸೆಯನ್ನು ಪಾಲಿಸುವ ಅವಕಾಶವನ್ನೇ ಆ ಚಾಲಕನಿಂದ ಕಸಿದುಕೊಳ್ಳುತ್ತಾರೆ. ಹಿಂಬದಿಯ ಕೆಂಪು ದೀಪ ಈ ಕಾರಣಕ್ಕೆ ವ್ರತದ ಅಂಗವೆನಿಸುತ್ತದೆ. ಮಿನುಗುವ ದೀಪ ಬೇಗ ಗಮನ ಸೆಳೆದರೂ ಸೈಕಲ್ ಎಷ್ಟು ದೂರದಲ್ಲಿದೆ ಎಂಬ ಅಂದಾಜಿಗೆ ತೊಡಕಾಗುವುದರಿಂದ, ಒಂದಾದರೂ ದೀಪ ಸ್ಥಿರವಾಗಿ ಉರಿಯುತ್ತಿರಬೇಕು. ರಿಫ್ಲೆಕ್ಟರ್ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂತಿರುಗಿಸುವುದರಿಂದ ಅದು ದೀಪಕ್ಕೆ ಬದಲಿಯಾಗಲಾರದು.

ಅತಿಯಾದ ಬೆಳಕೂ ಪ್ರಮಾದವೇ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕಾಗುತ್ತದೆ, ಎದುರಿನವರ ಮುಖಕ್ಕೆ ನೇರವಾಗಿ ಹೊಡೆಯುವ ದೀಪ ಆ ಶಕ್ತಿಯನ್ನು ಕ್ಷಣದಲ್ಲಿ ಕುಂದಿಸುತ್ತದೆ. ಜರ್ಮನಿಯ ನಿಯಮಗಳು ಸೈಕಲ್ ದೀಪದ ಬೆಳಕು ಎದುರಿನವರ ಕಣ್ಣು ಕುಕ್ಕದಂತೆ ತಡೆಯುತ್ತವೆ. ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ತಡೆಯುವ ರಚನೆಯಿಲ್ಲದ ಟಾರ್ಚಿನಂಥ ದೀಪವನ್ನು ನೆಲದತ್ತ ಬಾಗಿಸಿಯೇ ಕಟ್ಟಬೇಕು.

ದಿನಗೂಲಿಯಲ್ಲಿ ಬದುಕುವವರು ದೀಪ ಕೊಳ್ಳಲಾಗದಿದ್ದರೆ ಅವರನ್ನು ಎಚ್ಚರಗೇಡಿಗಳೆನ್ನುವುದು ನ್ಯಾಯವೇ ಎಂಬ ಆಕ್ಷೇಪಕ್ಕೂ ಇದೇ ಶಾಸ್ತ್ರದಲ್ಲಿ ಉತ್ತರವಿದೆ. ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಮಾಡುವುದಕ್ಕೆ ಸಮ್ಮತಿಸಿದ್ದು ಅನುಮತ. ಈ ಮೂರರಿಂದಲೂ ಹಿಂಸೆಯ ಹೊಣೆ ಅಂಟುತ್ತದೆ. ದೀಪವಿಲ್ಲದ ಸೈಕಲ್ ಕೊಟ್ಟು ಕತ್ತಲಲ್ಲಿ ಕೆಲಸಕ್ಕೆ ಕಳುಹಿಸುವ ಮಾಲೀಕರು ಕಾರಿತದ ಪಾಲುದಾರರು, ಅದನ್ನು ಸಹಜವೆಂದು ಒಪ್ಪಿ ಸುಮ್ಮನಿರುವ ಸಮಾಜ ಅನುಮತದ ಪಾಲುದಾರ. ಆದ್ದರಿಂದ ಇರುಳಲ್ಲಿ ದುಡಿಸುವವರು ಕೂಲಿಯೊಂದಿಗೆ ದೀಪವನ್ನೂ ಕೊಡುವುದು ಔದಾರ್ಯವಲ್ಲ, ತೀರಿಸಲೇಬೇಕಾದ ಋಣ.