ಎಲ್ಲರದು ಎಂದರೆ ಯಾರದು?

ಕೂಡುಕುಟುಂಬದಲ್ಲಿ ಬಾಳಿದವರಿಗೆ ಉಗ್ರಾಣದ ಬೀಗದ ಕೈಯ ಮಹಿಮೆಯನ್ನು ಹೇಳಬೇಕಾಗಿಲ್ಲ. ಗೋವಿಂದನಹಳ್ಳಿಯ ನಮ್ಮ ಮನೆಯಲ್ಲಿ ಅದು ಅತ್ತೆಯವರ ಸೊಂಟದಲ್ಲಿ ತೂಗುತ್ತಿತ್ತು. ಒಳಗಿನ ರಾಗಿ, ಬೆಲ್ಲ, ಹುಣಿಸೆಹಣ್ಣು ಎಲ್ಲರದು. ಯಾವುದು ಎಲ್ಲಿರಬೇಕು, ಯಾವುದು ಇರಬಾರದು ಎಂಬ ತೀರ್ಮಾನ ಮಾತ್ರ ಅವರದು. ಒಮ್ಮೆ ನನ್ನ ತವರಿನ ಕಂಚಿನ ಬಟ್ಟಲನ್ನು ಪಾತ್ರೆಯವನಿಗೆ ಹಾಕಿ ಸ್ಟೀಲ್ ಡಬ್ಬಿ ಕೊಂಡರು. ನಾನು ಹಿತ್ತಿಲಿಗೆ ಹೋಗಿ ಅತ್ತೆ.

ಈಗ ನಮ್ಮ ಮನೆಯಲ್ಲಿ ಇನ್ನೊಂದು ಉಗ್ರಾಣವಿದೆ. ಮಗ ತಂದಿಟ್ಟ ಫೈಲ್ ಸರ್ವರ್. ಟಿಫಿನ್ ಕ್ಯಾರಿಯರಿನಷ್ಟು ಗಾತ್ರದ ಕಪ್ಪು ಪೆಟ್ಟಿಗೆ, ಒಳಗೆ ಎರಡು ಡಿಸ್ಕು. ಮನೆಯೊಳಗಿನ ಯಾವ ಫೋನಿನಿಂದಲಾದರೂ ಅದರ ಫೋಲ್ಡರುಗಳನ್ನು ತೆರೆಯಬಹುದು. ಮಗ ಪ್ರತಿಯೊಬ್ಬರಿಗೂ ಒಂದೊಂದು ಖಾಸಗಿ ಫೋಲ್ಡರು, ಜೊತೆಗೆ 'ಎಲ್ಲರದು' ಎಂಬುದೊಂದನ್ನು ಮಾಡಿಕೊಟ್ಟ. "ಖಾಸಗಿ ಯಾಕಪ್ಪ, ನಮ್ಮಲ್ಲಿ ಮುಚ್ಚಿಡುವಂಥದ್ದೇನಿದೆ?" ಎಂದು ನಾನೇ ಎಲ್ಲರ ಫೋಟೋಗಳನ್ನೂ ಒಂದೇ ಕಡೆ ಸುರಿಸಿದೆ.

ಬೇಸಿಗೆ ರಜೆಯಲ್ಲಿ ಅದನ್ನು ಓರಣ ಮಾಡಲು ಕೂತೆ. ಮೇಷ್ಟ್ರ ಬುದ್ಧಿ! ವರ್ಷಕ್ಕೊಂದು ಫೋಲ್ಡರು, ಅದರೊಳಗೆ ಮದುವೆ, ಹಬ್ಬ, ಪ್ರವಾಸ. ಮಸುಕಾದ ಚಿತ್ರಗಳನ್ನೆಲ್ಲ ಅಳಿಸಿದೆ. ಸಂಜೆ ಸೊಸೆ ಹುಡುಕಿದ್ದು ಅಂಥದೊಂದನ್ನೇ. ತೀರಿಕೊಂಡ ಅವಳ ತಂದೆ ನಡುಗುವ ಕೈಯಿಂದ ತೆಗೆದ ಕೊನೆಯ ಫೋಟೋ ಅದು. ಅವಳು ಒಂದು ಮಾತೂ ಆಡಲಿಲ್ಲ. ಎದ್ದು ಹಿತ್ತಿಲಿಗೆ ಹೋದಳು.

"ಎರಡು ಡಿಸ್ಕು ಇವೆಯಲ್ಲ?" ಎಂದೆ. ಒಂದು ಇನ್ನೊಂದರ ಕನ್ನಡಿಯಂತೆ. ಒಂದು ಕೆಟ್ಟರೆ ಇನ್ನೊಂದು ಕಾಪಾಡುತ್ತದೆ, ನಾವೇ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ ಎಂದ ಮಗ. ಪುಣ್ಯಕ್ಕೆ ಯುಗಾದಿಯ ಹೊತ್ತಿಗೆ ಅವನು ಬೇರೆ ಡಿಸ್ಕಿಗೆ ಇಳಿಸಿ ಬೀರುವಿನಲ್ಲಿಟ್ಟಿದ್ದ ಪ್ರತಿಯಲ್ಲಿ ಚಿತ್ರ ಸಿಕ್ಕಿತು. ಆದರೂ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕಂಚಿನ ಬಟ್ಟಲು ಕಣ್ಣ ಮುಂದೆ ಬರುತ್ತಿತ್ತು.

ಎಲ್ಲರದು ಎಂದರೆ ನನ್ನದೂ ಹೌದು ಎಂದುಕೊಂಡಿದ್ದೆ. ನನ್ನದು ಮಾತ್ರವಲ್ಲ ಎಂಬ ಉಳಿದರ್ಧವನ್ನು ಮರೆತಿದ್ದೆ. ಹಾಗೆಂದು ಯಾರೂ ಕೈಯಿಡದೆ ಬಿಟ್ಟರೆ ಉಗ್ರಾಣಕ್ಕೆ ಹುಳ ಹಿಡಿಯುತ್ತದೆ. ಜೋಡಿಸುವವರು ಬೇಕು, ಬಿಸಾಡುವ ಮೊದಲು ಅವರು ಒಂದು ಮಾತು ಕೇಳಬೇಕು. ಕೇಳಿದ್ದರೆ ನಮ್ಮತ್ತೆ ಸಣ್ಣವರಾಗುತ್ತಿರಲಿಲ್ಲ, ನಾನೂ ಆಗುತ್ತಿರಲಿಲ್ಲ.

ಈಗ ಹಳೆಯ ಚಿತ್ರಗಳನ್ನು ಎಲ್ಲರೂ ನೋಡಬಹುದು, ನಮ್ಮಲ್ಲಿ ಯಾರೊಬ್ಬರೂ ತಾವಾಗಿ ಅಳಿಸುವಂತಿಲ್ಲ. ಮಗ ಹಾಗೆ ಕಟ್ಟುಮಾಡಿದ್ದಾನೆ. ಹೊಸದರಲ್ಲಿ ಬೇಡವೆನಿಸಿದ್ದು 'ಕೇಳಬೇಕು' ಎಂಬ ಫೋಲ್ಡರಿಗೆ ಹೋಗುತ್ತದೆ. ಸೊಸೆ ಆ ಫೋಟೋದ ಒಂದು ಪ್ರತಿಯನ್ನು ತನ್ನ ಖಾಸಗಿ ಫೋಲ್ಡರಿಗೆ ಹಾಕಿಕೊಂಡಳು. ಮನಸ್ಸಿಗೆ ಚುರುಕ್ಕೆಂದದ್ದು ನಿಜ.

ಮರುವಾರ ಶಾಲೆಯ ಮಕ್ಕಳನ್ನು ನಮ್ಮೂರ ಪಂಚಲಿಂಗೇಶ್ವರ ಗುಡಿಗೆ ಕರೆದೊಯ್ದೆ. 1238ರ ಸುಮಾರಿಗೆ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು. ಪೂರ್ವಕ್ಕೆ ಮುಖಮಾಡಿ ಸಾಲಾಗಿ ನಿಂತ ಐದು ಗರ್ಭಗುಡಿಗಳು, ಐದನ್ನೂ ಸೇರಿಸುವ ಉದ್ದನೆಯ ಮಂಟಪ. ಎಷ್ಟೋ ವರ್ಷದಿಂದ ಇದನ್ನು ಮಕ್ಕಳಿಗೆ ವಿವರಿಸುತ್ತ ಬಂದಿದ್ದೇನೆ. ಮಂಟಪ ಒಂದೇ ಆಯಿತೆಂದು ಒಳಗಿನ ಬಾಗಿಲುಗಳು ಬೇಡವೆಂದು ಕಟ್ಟಿದವರಿಗೆ ಅನ್ನಿಸಲಿಲ್ಲ ಎಂಬುದು ಮಾತ್ರ ಆ ದಿನವೇ ನನ್ನ ಕಣ್ಣಿಗೆ ಬಿತ್ತು.