ಹವ್ಯಾಸಕ್ಕೆ ತಾನೇ?

ಹಿತ್ತಲ ಮಲ್ಲಿಗೆ ಬಳ್ಳಿಗೊಂದು ಕಬ್ಬಿಣದ ಚಪ್ಪರ, ಹೂಕುಂಡಗಳಿಗೊಂದು ಸ್ಟ್ಯಾಂಡ್. ಇಂಥವನ್ನು ನಾನೇ ಮಾಡಿಕೊಳ್ಳಬೇಕೆಂದು ಒಂದು ಪುಟ್ಟ ವೆಲ್ಡಿಂಗ್ ಮೆಷಿನ್ ಕೊಳ್ಳುವ ಆಸೆ ನನಗೆ. ನಗಬೇಡಿ. ಐವತ್ತು ದಾಟಿದ ಹೆಂಗಸಿಗೆ ಕಸೂತಿ ಒಗ್ಗುತ್ತದೆ, ಕಬ್ಬಿಣ ಒಗ್ಗುವುದಿಲ್ಲ ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಆಸೆಗೆ ಮನೆಯಲ್ಲಿ ಯಾರೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಬೆಲೆ. "ನೀನೇನು ಅದರಿಂದ ಸಂಪಾದಿಸಬೇಕೇ? ಹವ್ಯಾಸಕ್ಕೆ ತಾನೇ, ಅಗ್ಗದ್ದು ಯಾವುದಾದರೂ ತಗೋ" ಎಂದರು ನಮ್ಮವರು. ಕೇಳಲು ನ್ಯಾಯವಾಗಿಯೇ ಇದೆ. ಆದರೂ ಮಾತು ಚುಚ್ಚಿತು. ದುಡ್ಡು ತರದ ಕೆಲಸಕ್ಕೆ ಕಳಪೆ ಸಾಮಾನು ಸಾಕು ಎನ್ನುವುದಾದರೆ ನಮ್ಮ ಅಡುಗೆಮನೆಗಳೂ ಈ ಲೆಕ್ಕಕ್ಕೇ ಸೇರುತ್ತವಲ್ಲ!

ಅಂಗಡಿಗಳಲ್ಲಿ ವಿಚಾರಿಸಿದೆ. ವರ್ಕ್‌ಶಾಪುಗಳ ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್ ಎತ್ತಲು ಇಬ್ಬರು ಬೇಕು. ಈಗಿನ ಇನ್ವರ್ಟರ್ ಮೆಷಿನ್ ತರಕಾರಿ ಚೀಲದಂತೆ ಒಂದೇ ಕೈಗೆ ಬರುತ್ತದೆ. ಮೇಲೆ '200 ಆಂಪಿಯರ್' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದಕ್ಕೆ ಮರುಳಾಗಬೇಕಿಲ್ಲ. ಎರಡೂವರೆ ಮಿಲಿಮೀಟರಿನ ರಾಡಿಗೆ 60ರಿಂದ 90 ಆಂಪಿಯರ್ ಸಾಕು. ನೋಡಬೇಕಾದ್ದು ಸಣ್ಣಕ್ಷರದ 'ಡ್ಯೂಟಿ ಸೈಕಲ್'. ಶೇಕಡಾ 40 ಎಂದಿದ್ದರೆ, ಹೇಳಿದ ಆಂಪಿಯರಿನಲ್ಲಿ ಪ್ರತಿ 10 ನಿಮಿಷಕ್ಕೆ 4 ನಿಮಿಷ ಕೆಲಸ, ಉಳಿದ 6 ನಿಮಿಷ ಅದು ತಣ್ಣಗಾಗಬೇಕು. ನನ್ನಂಥವಳಿಗೆ ಇದು ಕೊರತೆಯೇ ಅಲ್ಲ. ಅಷ್ಟರಲ್ಲಿ ಕುಕ್ಕರ್ ಇಳಿಸಿ ಬರಬಹುದು. ದಿನವಿಡೀ ದುಡಿಯುವ ದೊಡ್ಡ ಮೆಷಿನ್ನಿಗೆ ನಾನು ದುಡ್ಡು ಸುರಿದರೆ ಅದು ಬರೀ ಜಂಭ.

ಆದರೆ ಕರೆಂಟನ್ನು ಒಂದೇ ಸಮ ಕೊಡದ ಅಗ್ಗದ ಮೆಷಿನ್ನಿನ ಸಂಗತಿ ಬೇರೆ. ಕಸುಬಿನವನು ಅದರಲ್ಲೂ ಹೇಗೋ ಕೆಲಸ ತೆಗೆಯುತ್ತಾನೆ. ದೋಷ ಮೆಷಿನ್ನಿನದೆಂದು ಅವನ ಕೈಗೆ ಗೊತ್ತು. ಕಲಿಯುವವಳಿಗೆ? ರಾಡ್ ಅಂಟಿಕೊಂಡಾಗಲೆಲ್ಲ ನನ್ನ ಕೈಯೇ ಸರಿಯಿಲ್ಲ ಎಂದುಕೊಳ್ಳುತ್ತಾಳೆ. ಹೊಲಿಗೆ ಮೆಷಿನ್ನಿನ ಮುಂದೆ ಇಂಥ ಎಷ್ಟು ಹುಡುಗಿಯರನ್ನು ನಾವು ಕಂಡಿಲ್ಲ! ಲಡಕಾಸಿ ಮೆಷಿನ್ನು ದಾರ ಕಡಿಯುತ್ತದೆ, ಹುಡುಗಿ ತನಗೆ ಹೊಲಿಗೆ ಹತ್ತುವುದಿಲ್ಲವೆಂದು ಎದ್ದುಬಿಡುತ್ತಾಳೆ. ಉಳಿದ ದುಡ್ಡು ಎಲ್ಲರಿಗೂ ಕಾಣುತ್ತದೆ. ಅವಳು ಎದ್ದು ಹೋದದ್ದನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುವುದು? ಹಾಗೆ ನೋಡಿದರೆ ಪಳಗಿದವನಿಗಿಂತ ಹೊಸಬಳಿಗೇ ಒಳ್ಳೆಯ ಸಲಕರಣೆ ಬೇಕು. ಲೋಕ ನಡೆಯುವುದು ಮಾತ್ರ ಉಲ್ಟಾ.

ಚೌಕಾಶಿ ಮಾಡಲೇಬಾರದ ಇನ್ನೊಂದಿದೆ, ಕಣ್ಣು. ವೆಲ್ಡಿಂಗಿನ ಬೆಳಕು ಬರಿಗಣ್ಣಿಗೆ ಬಿದ್ದಾಗ ಅಷ್ಟೇನೂ ಅನಿಸುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಮರಳು ಸುರಿದಂತೆ ಉರಿ ಶುರುವಾಗುತ್ತದೆ.

ಹೀಗಾಗಿ ನನ್ನ ಪಟ್ಟಿ ತಯಾರಾಗಿದೆ: ನಡುಬೆಲೆಯ, ಊರಲ್ಲೇ ರಿಪೇರಿಯಾಗುವ ಮೆಷಿನ್, ಚರ್ಮದ ಗ್ಲೌಸ್, ಒಳ್ಳೆಯ ಹೆಲ್ಮೆಟ್. ನಮ್ಮವರು ಅದನ್ನು ಓದಿ, ಹೆಲ್ಮೆಟ್ ಎರಡು ಬರಿ ಎಂದರು. ಪಕ್ಕದಲ್ಲಿ ನಿಂತು ನೋಡುವವರಿಗೂ ಒಂದು ಬೇಕಂತೆ.