ಪಾಕವಿಧಾನ ಯಾರ ಸ್ವತ್ತು?

ಹಬ್ಬದ ದಿನ ನಿಮ್ಮ ಮನೆಗೆ ಬಂದವರು ತಟ್ಟೆಯಲ್ಲಿದ್ದ ಕ್ರೀಮ್ ಪಫ್ ಒಂದನ್ನು ತಿಂದು, "ಇದನ್ನು ಹೇಗೆ ಮಾಡಿದಿರಿ? ನನಗೂ ಬರೆದುಕೊಡಿ" ಎಂದು ಕೇಳಿದರೆ ಏನು ಮಾಡುತ್ತೀರಿ? ಕೆಲವರು ಸಂತೋಷದಿಂದ ಬರೆದುಕೊಡುತ್ತಾರೆ. ಕೆಲವರು, "ಅದು ನಮ್ಮ ಅಜ್ಜಿಯ ಕಾಲದ್ದು, ಮನೆಯಿಂದ ಹೊರಗೆ ಕೊಡುವುದಿಲ್ಲ" ಎಂದು ನಕ್ಕು ಸುಮ್ಮನಾಗುತ್ತಾರೆ. ಮೂರನೆಯ ಬಗೆಯವರೂ ಇದ್ದಾರೆ. ಇವರು ಬರೆದುಕೊಡುತ್ತಾರೆ, ಆದರೆ ಒಂದು ಮೊಟ್ಟೆಯನ್ನೋ ಒಂದು ಹಂತವನ್ನೋ ಬೇಕೆಂದೇ ಬಿಟ್ಟಿರುತ್ತಾರೆ. ಕೇಳಿದವರ ಮನೆಯಲ್ಲಿ ಪಫ್ ಉಬ್ಬುವುದಿಲ್ಲ. ತಮ್ಮ ಕೈಗುಣವೇ ಸರಿಯಿಲ್ಲವೆಂದು ಅವರು ಕೊರಗುತ್ತಾರೆ. ಅಡುಗೆಮನೆಯ ಇಷ್ಟು ಚಿಕ್ಕ ವಿಷಯದಲ್ಲಿ ಸರಿತಪ್ಪುಗಳ ಪ್ರಶ್ನೆ ಏನಿದೆ ಎಂದು ನೀವು ಕೇಳಬಹುದು. ಇದೆ ಎಂದೇ ನನ್ನ ಎಣಿಕೆ.

ನಮ್ಮ ಬೇಕರಿಗಳಲ್ಲಿ ಪಫ್ ಎಂದರೆ ಮೊಟ್ಟೆಯನ್ನೋ ಪಲ್ಯವನ್ನೋ ತುಂಬಿದ, ಪದರ ಪದರವಾಗಿ ಉದುರುವ ತಿನಿಸು. ಕ್ರೀಮ್ ಪಫ್ ಬೇರೆ. ಇದರ ಹಿಟ್ಟು ಎರಡು ಸಲ ಬೇಯುತ್ತದೆ, ಮೊದಲು ಒಲೆಯ ಮೇಲೆ, ಆಮೇಲೆ ಓವನ್ನಿನಲ್ಲಿ. ಒಂದು ಕಪ್ ನೀರಿಗೆ ಸುಮಾರು 100 ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು ಹಾಕಿ ಕುದಿಸಿ, ಒಂದು ಕಪ್ ಮೈದಾವನ್ನು ಒಮ್ಮೆಲೇ ಸುರಿದು, ಅದು ಪಾತ್ರೆಯ ಬದಿ ಬಿಟ್ಟು ಒಂದೇ ಮುದ್ದೆಯಾಗುವವರೆಗೆ ತಿರುವಬೇಕು. (ರಾಗಿಮುದ್ದೆ ತಿರುವಿ ಪಳಗಿದ ಕೈಗಳಿಗೆ ಇದೇನೂ ಕಷ್ಟವಲ್ಲ.) ಬಿಸಿ ತುಸು ಆರಿದ ಮೇಲೆ ನಾಲ್ಕು ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ ಕಲಸಬೇಕು. ಸೋಡಾ ಇಲ್ಲ, ಈಸ್ಟ್ ಇಲ್ಲ. ಸುಮಾರು 200 ಡಿಗ್ರಿ ಶಾಖದಲ್ಲಿ ಹಿಟ್ಟಿನೊಳಗಿನ ನೀರೇ ಆವಿಯಾಗಿ ಅದನ್ನು ಉಬ್ಬಿಸುತ್ತದೆ, ಮೊಟ್ಟೆ ಮತ್ತು ಮೈದಾ ಗಟ್ಟಿಯಾಗಿ ಗೋಡೆಯಂತೆ ನಿಲ್ಲುತ್ತವೆ, ನಡುವೆ ಪೊಳ್ಳು ಉಳಿಯುತ್ತದೆ. ಗೋಡೆ ಗಟ್ಟಿಯಾಗುವ ಮುನ್ನ ಬಾಗಿಲು ತೆರೆದರೆ ಎಲ್ಲವೂ ಕುಸಿಯುತ್ತದೆ. ಪೊಳ್ಳಿಗೆ ಕ್ರೀಮ್ ತುಂಬುವುದು ತಿನ್ನುವ ಹೊತ್ತಿಗೆ ಸ್ವಲ್ಪ ಮೊದಲು.

ಇಷ್ಟರಲ್ಲಿ ಮುಚ್ಚಿಡಲು ಏನಿದೆ? ಈ ಬಗೆಯ ತಿನಿಸುಗಳನ್ನು ಬೆಳೆಸಿದವರಲ್ಲಿ ಪ್ರಮುಖನಾದ ಫ್ರಾನ್ಸಿನ ಆಂಟೊನಿನ್ ಕರೇಮ್ (ಮರಣ 1833) ರಾಜರಿಗೂ ರಾಜತಂತ್ರಜ್ಞರಿಗೂ ಅಡುಗೆ ಮಾಡಿದವನು. ಆದರೂ 1815ರಲ್ಲೇ ತನ್ನ ವಿದ್ಯೆಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಇಂದಿಗೂ ಫ್ರಾನ್ಸಿನಲ್ಲಿ ಮದುವೆ, ದೀಕ್ಷಾಸ್ನಾನ, ಪ್ರಥಮ ಪರಮಪ್ರಸಾದದ ಔತಣಗಳಲ್ಲಿ ಈ ಪಫ್‌ಗಳನ್ನು ಸಕ್ಕರೆ ಪಾಕದಿಂದ ಅಂಟಿಸಿ ಗೋಪುರ ಕಟ್ಟುವುದುಂಟು. ಇಟಲಿಯಲ್ಲಿ ಮಾರ್ಚ್ 19ರ ಸಂತ ಜೋಸೆಫರ ಹಬ್ಬಕ್ಕೆ ಇಂಥದೇ ಹಿಟ್ಟನ್ನು ಕರಿದೋ ಸುಟ್ಟೋ ಕ್ರೀಮ್ ಇಟ್ಟು ಹಂಚುತ್ತಾರೆ. ಲೋಕಕ್ಕೆಲ್ಲ ತಿಳಿದಿರುವುದನ್ನು ನಾವು ಮನೆಯ ಗುಟ್ಟೆಂದು ಕಾಯುತ್ತಿದ್ದೇವೆ.

ಹಾಗಾದರೆ ಒಂದು ಮನೆಯ ಪಫ್ ಇನ್ನೊಂದು ಮನೆಯ ಪಫ್‌ನಂತೆ ಇರುವುದಿಲ್ಲವೇಕೆ? ನಾಲ್ಕು ಮೊಟ್ಟೆ ಎಂದು ಕಾಗದ ಹೇಳುತ್ತದೆ. ಆದರೆ ಹಿಟ್ಟು ತಿರುವುವಾಗ ಎಷ್ಟು ನೀರು ಆರಿಹೋಯಿತು, ಅಂಗಡಿಯಿಂದ ತಂದ ಮೊಟ್ಟೆ ಎಷ್ಟು ದೊಡ್ಡದು ಎಂಬುದು ಕಾಗದಕ್ಕೆ ಗೊತ್ತಿಲ್ಲ. ಒಮ್ಮೆ ಮೂರೂವರೆ ಸಾಕು, ಒಮ್ಮೆ ಐದು ಬೇಕು. ಸೌಟನ್ನೆತ್ತಿದಾಗ ಹಿಟ್ಟು ನೀರಾಗಿ ಸುರಿಯಲೂಬಾರದು, ಗಟ್ಟಿಯಾಗಿ ಅಂಟಿಕೊಳ್ಳಲೂಬಾರದು. ನಾಲಗೆಯಂತೆ ಇಳಿದು ತೂಗಾಡಬೇಕು. ಅದನ್ನು ನೋಡಿದ ಕಣ್ಣು ಮಾತ್ರ ಗುರುತಿಸಬಲ್ಲದು. ಅಂದರೆ, ಬರೆದುಕೊಡಬಹುದಾದದ್ದು ಗುಟ್ಟಲ್ಲ, ಗುಟ್ಟಾಗಿರುವುದನ್ನು ಬರೆದುಕೊಡಲು ಬರುವುದೇ ಇಲ್ಲ. ಕಳ್ಳರ ಭಯವಿಲ್ಲದ ಇಂಥ ಆಸ್ತಿಗೆ ಬೀಗ ಹಾಕುವ ನಮ್ಮ ಎಚ್ಚರಿಕೆ ನಗು ತರಿಸುತ್ತದೆ.

ನಮ್ಮ ಕರಾವಳಿಯ ಕ್ರೈಸ್ತ ಮನೆಗಳ ಕುಸ್ವಾರನ್ನು ನೆನೆಯಿರಿ. ಕಿಡಿಯೊ ಮಾಡಲು ಒಬ್ಬರ ಕೈ ಸಾಲದು. ಅಜ್ಜಿ, ಸೊಸೆ, ಮಕ್ಕಳು, ನೆರೆಮನೆಯವರು ಮೇಜಿನ ಸುತ್ತ ಕುಳಿತು ಫೋರ್ಕಿನ ಬೆನ್ನಿನ ಮೇಲೆ ಹಿಟ್ಟಿನ ಗುಂಡುಗಳನ್ನು ಒತ್ತಿ ಸುರುಳಿಸಬೇಕು. ಅಷ್ಟು ಜನ ಸೇರಿದಲ್ಲಿ ಗುಟ್ಟು ನಿಲ್ಲುವುದೆಲ್ಲಿ? ಕ್ರೀಮ್ ಪಫ್ ಹಾಗಲ್ಲ. ಬಾಗಿಲು ಮುಚ್ಚಿಕೊಂಡು ಒಬ್ಬರೇ ಮಾಡಬಹುದು. ಒಂಟಿಯಾಗಿ ಮಾಡಬಹುದಾದ ಅಡುಗೆಯಲ್ಲೇ 'ನನ್ನದು' ಎಂಬ ಮಾತು ಹೆಚ್ಚು ಕೇಳಿಬರುತ್ತದೆ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಕ್ರೀಮ್ ಪಫ್ ಮಾಡಿ ಮಾರಿ ಮಕ್ಕಳ ಶಾಲೆಯ ಶುಲ್ಕ ಕಟ್ಟುವ ತಾಯಿಯೊಬ್ಬಳು ತನ್ನ ಕ್ರಮವನ್ನು ಹೇಳಲೊಲ್ಲೆ ಎಂದರೆ ಅವಳನ್ನು ಜಿಪುಣಿ ಎನ್ನಲಾದೀತೆ? ಅದು ಅವಳ ಅನ್ನ. "ಹೇಳಲಾರೆ" ಎನ್ನುವುದು ನೇರವಾದ ಮಾತು. ಕೇಳಿದವರಿಗೆ ಅದರಿಂದ ಮೋಸವಾಗುವುದಿಲ್ಲ. ಮೊಟ್ಟೆಯೊಂದನ್ನು ಬಿಟ್ಟು ಬರೆದುಕೊಟ್ಟ ಕಾಗದದ ಕಥೆಯೇ ಬೇರೆ. ಅದು ಉದಾರತನದ ಹೆಸರನ್ನೂ ಪಡೆದುಕೊಳ್ಳುತ್ತದೆ, ಗುಟ್ಟನ್ನೂ ಉಳಿಸಿಕೊಳ್ಳುತ್ತದೆ. ಮೇಲಾಗಿ, ನಂಬಿದವರ ಬೆಣ್ಣೆ, ಮೊಟ್ಟೆಗಳನ್ನು ಹಾಳುಮಾಡಿ ತಪ್ಪನ್ನು ಅವರ ಮೇಲೆಯೇ ಹೊರಿಸುತ್ತದೆ. ಬಾಯಿಂದ ಸುಳ್ಳಾಡದೆ ಸುಳ್ಳು ಹೇಳುವ ಬಗೆ ಇದು. ನಿರಾಕರಣೆಗಿಂತ ಇದು ಕೀಳೆಂದು ಹೇಳಲು ನನಗೆ ಸಂಕೋಚವಿಲ್ಲ.

ಇನ್ನು, ಮನೆಯದೆಂದು ನಾವು ಹೇಳುವ ಪಾಕವಿಧಾನ ಮನೆಗೆ ಬಂದದ್ದಾದರೂ ಹೇಗೆ? ಹಳೆಯ ನೋಟುಪುಸ್ತಕಗಳನ್ನು ತೆರೆದು ನೋಡಿ. ಕೇಕಿನ ಮೇಲೆ ಯಾರೋ ಟೀಚರ ಹೆಸರು, ಉಪ್ಪಿನಕಾಯಿಯ ಮೇಲೆ ನೆರೆಮನೆಯ ಅಮ್ಮನ ಹೆಸರು, ಪುಡ್ಡಿಂಗಿನ ಮೇಲೆ ಕಾನ್ವೆಂಟಿನ ಸಿಸ್ಟರೊಬ್ಬರ ಹೆಸರು ಇರುವುದುಂಟು. ಒಂದು ಕಾಲದಲ್ಲಿ ಅವರು ಏನನ್ನೂ ಬಿಡದೆ ಹೇಳಿಕೊಟ್ಟದ್ದರಿಂದಲೇ ಅದು ಅಜ್ಜಿಯದಾಯಿತು.

ಗುಟ್ಟಿನಿಂದ ನಿಜವಾಗಿ ನಷ್ಟ ಅನುಭವಿಸುವವರು ಹೊರಗಿನವರಲ್ಲ. ಅವರಿಗೆ ಪುಸ್ತಕವಿದೆ, ಬೇಕರಿಯಿದೆ. ನಷ್ಟ ಮನೆಯೊಳಗೇ ಆಗುತ್ತದೆ. ಸೊಸೆ ತಾನಾಗಿ ಕೇಳಲಿ ಎಂದು ಅತ್ತೆ ಕಾಯುತ್ತಾರೆ. ಅತ್ತೆ ತಾವಾಗಿ ಕರೆಯಲಿ ಎಂದು ಸೊಸೆ ಕಾಯುತ್ತಾಳೆ. ಮಗಳು ದೂರದ ಊರಿನಲ್ಲಿದ್ದಾಳೆ. ಒಲೆಯ ಪಕ್ಕದಲ್ಲೇ ನಿಂತು ಆಸೆಯಿಂದ ನೋಡುವ ಮೊಮ್ಮಗನನ್ನು, ಗಂಡುಹುಡುಗನಿಗೆ ಇಲ್ಲೇನು ಕೆಲಸವೆಂದು ಆಟಕ್ಕೆ ಅಟ್ಟುತ್ತಾರೆ. ವರ್ಷಗಳು ಕಳೆಯುತ್ತವೆ. ನಲವತ್ತನೆಯ ದಿನದ ಪೂಜೆ ಮುಗಿದ ಮೇಲೆ ಯಾರೋ ಕಪಾಟಿನಿಂದ ಆ ನೋಟುಪುಸ್ತಕವನ್ನು ತೆಗೆಯುತ್ತಾರೆ. ಬೆಣ್ಣೆಯ ಕಲೆಯಾದ ಪುಟದಲ್ಲಿ ನೀರು, ಬೆಣ್ಣೆ, ಮೈದಾದ ಅಳತೆ ಸರಿಯಾಗಿಯೇ ಇರುತ್ತದೆ. ಮೊಟ್ಟೆಯ ಮುಂದೆ ಮಾತ್ರ 'ಹದಕ್ಕೆ ಬರುವಷ್ಟು' ಎಂದು ಬರೆದಿರುತ್ತದೆ. ಅದು ಯಾವ ಹದವೆಂದು ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.